ಗಂಡನ ಬಾಯಿಯ ಕ್ಲಿಪ್ಪು

ನಮ್ಮ ಯಜಮಾನರಿಗೆ ನಿದ್ದೆಯಲ್ಲಿ ಉಸಿರು ನಿಂತು ನಿಂತು ಹೋಗುತ್ತದೆ ಎಂದು ಡಾಕ್ಟರು ಹೇಳಿದಾಗ ಮನೆಯಲ್ಲಿ ನಡೆದ ಸಡಗರ ನೋಡಿದ್ದರೆ, ಇವರು ಯಾವುದೋ ಪರೀಕ್ಷೆಯಲ್ಲಿ ಮೊದಲ ನಂಬರು ಬಂದಿದ್ದಾರೆ ಅಂದುಕೊಳ್ಳಬೇಕು. ಆಸ್ಪತ್ರೆಯಲ್ಲಿ ತಲೆಗೆ, ಎದೆಗೆ, ಬೆರಳಿಗೆ ವೈರು ಅಂಟಿಸಿ ಮಲಗಿಸಿದ್ದರು. ಆ ವೈರುಗಳ ಸಮೇತ ತೆಗೆಸಿಕೊಂಡ ಫೋಟೋ ಮುಂಬಯಿಯ ವಡಾಲದಿಂದ ವಿಜಯಪುರದವರೆಗಿನ ಎಲ್ಲ ಬೀಗರ ಮೊಬೈಲಿಗೂ ಹೋಯಿತು. ಗ್ರಾಂಟ್ ರೋಡಿನಲ್ಲಿ ಅವರದು ಹೊಲಿಗೆ ಮಷೀನಿನ ಸ್ಪೇರ್ ಪಾರ್ಟ್ಸ್ ಅಂಗಡಿ. ಗಿರಾಕಿ ಸೂಜಿ ಕೇಳಿದರೆ ಮೊದಲು ರಿಪೋರ್ಟು ತೋರಿಸಿ, ಆಮೇಲೆ ಸೂಜಿ ಕೊಡುತ್ತಿದ್ದರು. ನಮ್ಮತ್ತೆ ಮಗನನ್ನು ಕೂರಿಸಿ ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದರು. ವಿಚಾರಿಸಲು ಬಂದವರಿಗೆಲ್ಲ ನಾನು ಚಹಾ ಸೋಸಿ ಕೊಟ್ಟೆ.

ಮೊದಲು ಬಂದದ್ದು ಮಷೀನು. ಮಲಗುವಾಗ ಮೂಗಿಗೆ ಮಾಸ್ಕು ಕಟ್ಟಿಕೊಂಡರೆ ಅದು ಗಾಳಿ ಒತ್ತಿ ಗಂಟಲು ಮುಚ್ಚದಂತೆ ನೋಡಿಕೊಳ್ಳುತ್ತದೆ. ಮೂರೇ ದಿನಕ್ಕೆ ಯಜಮಾನರಿಗೆ ಸಾಕಾಯಿತು. "ನಾ ಏನ್ ಆನೀನೇನ, ಸೊಂಡಿಲ ಕಟಗೊಂಡ ಮಲಗಾಕ?" ಎಂದು ಅದನ್ನು ವಾಪಸ್ ಕಳಿಸಿದರು. ಆಗ ಡಾಕ್ಟರು ದಂತವೈದ್ಯರ ಕಡೆ ದಾರಿ ತೋರಿಸಿದರು. ಅಲ್ಲಿ ಇವರ ಹಲ್ಲಿನ ಅಳತೆ ತೆಗೆದು ಒಂದು ಸಾಧನ ಮಾಡಿಕೊಟ್ಟರು. ನಮ್ಮ ಮನೆಯಲ್ಲಿ ಅದರ ಹೆಸರು ಕ್ಲಿಪ್ಪು. ಮೇಲಿನ ಹಲ್ಲಿಗೊಂದು, ಕೆಳಗಿನ ಹಲ್ಲಿಗೊಂದು ಗಟ್ಟಿ ಪ್ಲಾಸ್ಟಿಕ್ಕಿನ ಅಚ್ಚು, ಎರಡನ್ನೂ ಜೋಡಿಸಲು ಅಕ್ಕಪಕ್ಕ ಪುಟ್ಟ ಸ್ಕ್ರೂ. ಹಾಕಿಕೊಂಡರೆ ಕೆಳದವಡೆ ಸ್ವಲ್ಪ ಮುಂದೆ ಬಂದು ನಿಲ್ಲುತ್ತದೆ, ನಾಲಿಗೆ ಹಿಂದೆ ಬಿದ್ದು ಗಂಟಲಿಗೆ ಅಡ್ಡವಾಗುವುದಿಲ್ಲ. ಒಂಬತ್ತು ದಿನ ಹಾಕಿಕೊಂಡರು. ಹತ್ತನೆಯ ದಿನ, ದವಡೆ ನೋಯುತ್ತದೆ, ಕಡಕ್ ರೊಟ್ಟಿ ಕಡಿಯಲಾಗುವುದಿಲ್ಲ ಎಂದು ತೆಗೆದಿಟ್ಟರು. ಬನ್ನಿ, ಸ್ಕ್ರೂ ಸರಿಮಾಡುತ್ತೇವೆ ಎಂದು ಕ್ಲಿನಿಕ್ಕಿನಿಂದ ಎರಡು ಸಲ ಫೋನು ಬಂತು. ಹೋದರೆ ತಾನೆ? ಡಬ್ಬಿ ಸಮೇತ ಕ್ಲಿಪ್ಪು ಶೋಕೇಸು ಸೇರಿತು, ಬಂದವರಿಗೆ ಅದನ್ನೂ ತೆಗೆದು ತೋರಿಸುವುದು ನಡೆಯಿತು.

ಗೊರಕೆ ನಾನೂ ಹೊಡೆಯುತ್ತಿದ್ದೆ. ಅವರಿಗಿಂತ ಜೋರಾಗಿಯೇ. ಈ ಒಂದು ಮಾತು ಬರೆಯಲು ನನಗೆ ಇಷ್ಟು ವಯಸ್ಸಾಗಬೇಕಾಯಿತು, ಯಾಕೆಂದರೆ ನಮ್ಮತ್ತೆಯ ಲೆಕ್ಕದಲ್ಲಿ ಹೆಂಗಸರು ಗೊರಕೆ ಹೊಡೆಯುವುದಿಲ್ಲ. ಊರಿಂದ ಬಂದು ಉಳಿದ ನೆಂಟರು ಬೆಳಿಗ್ಗೆ, "ಅದೇನ್ರಿ ಸಪ್ಪಳ, ನಿದ್ದೀನ ಬರಲಿಲ್ಲ" ಅಂದರೆ ಅತ್ತೆ ಕಣ್ಣು ಮಿಟುಕಿಸದೆ, "ಬಿಲ್ಡಿಂಗಿನ ನೀರಿನ ಪಂಪ್ ಕೆಟ್ಟದ" ಅನ್ನುತ್ತಿದ್ದರು. ನೀರಿನ ಪಂಪಂತೆ! ಇಪ್ಪತ್ತೈದು ವರ್ಷ ಆ ಮನೆಯಲ್ಲಿ ರೊಟ್ಟಿ ಬಡಿದವಳಿಗೆ ಕೊಟ್ಟ ಬಿರುದು. ಅದೇ ಸಪ್ಪಳ ಮಗನ ಗಂಟಲಿನಿಂದ ಬಂದರೆ, ಪಾಪ, ದುಡಿದು ದಣಿದ ಜೀವ. ನಾನು ಮಲಾಡಿಗೆ ಹೋಗಿ ಎಂಟು ಗಂಟೆ ದುಡಿದು ಬರುತ್ತಿದ್ದದ್ದು ದುಡಿಮೆಯಲ್ಲ, ಕಾಲಹರಣ ಅಂತ ಅವರು ತಿಳಿದಿದ್ದರೋ ಏನೋ.

ಮಲಾಡಿನಲ್ಲಿ ನನ್ನದು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಕೆಲಸ. ಹೊಲಿದು, ಇಸ್ತ್ರಿಯಾಗಿ ಬಂದ ಬಟ್ಟೆಯನ್ನು ಕೊನೆಯ ಸಲ ನೋಡಿ ಪಾಸು ಮಾಡುವ ಚೆಕಿಂಗ್ ವಿಭಾಗಕ್ಕೆ ನಾನೇ ಮುಖ್ಯಸ್ಥೆ. ಹನ್ನೆರಡು ಹೆಂಗಸರು ನನ್ನ ಮಾತು ಕೇಳುತ್ತಿದ್ದರು, ಮನೆಯಲ್ಲಿ ಒಬ್ಬರೂ ಕೇಳುತ್ತಿರಲಿಲ್ಲ. ಹಾಗಾಗಿ ಆ ಕೆಲಸದ ಮೇಲೆ ನನಗೆ ಎಷ್ಟು ಜೀವವಿತ್ತು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಅಂಥ ಕಡೆ ನನಗೆ ತೂಕಡಿಕೆ ಶುರುವಾಯಿತು. ರಾತ್ರಿಯಿಡೀ ಮಲಗಿ ಎದ್ದರೂ ಮೈ ಜಜ್ಜಿದ ಹಾಗೆ, ತಲೆ ಕಲ್ಲಿನ ಹಾಗೆ. ಸಂಜೆ ಪಕ್ಕದ ಗೋರೆಗಾಂವ್‌ನಲ್ಲಿ ಹಾರ್ಬರ್ ಲೋಕಲ್ ರೈಲು ಹತ್ತಿದವಳು ವಡಾಲದಲ್ಲಿ ಇಳಿಯದೆ ನಿದ್ದೆಯಲ್ಲೇ ಕೊನೆಯ ಸ್ಟೇಷನ್ನು ತಲುಪುತ್ತಿದ್ದೆ. ಗುಡಿಸುವ ಹೆಂಗಸು ಬಂದು ಪೊರಕೆ ತಾಗಿಸಿ ಎಬ್ಬಿಸಿದ್ದೂ ಉಂಟು.

ಒಂದು ದಿನ ಮಧ್ಯಾಹ್ನ ಚೆಕಿಂಗ್ ಮೇಜಿನ ಮುಂದೆ ಅಂಗಿಗಳನ್ನು ಒಂದೊಂದಾಗಿ ಸರಿಸುತ್ತಾ ಕೂತಲ್ಲೇ ಕಣ್ಣು ಮುಚ್ಚಿದೆ. ಕೈ ಮಾತ್ರ ಅಭ್ಯಾಸಬಲದಿಂದ ಓಡುತ್ತಿತ್ತಂತೆ. ಚಿಕ್ಕ ಮಕ್ಕಳ ಯೂನಿಫಾರ್ಮು ಅವು. ಮಡಿಕೆ ನಿಲ್ಲಲಿ ಎಂದು ಕಾಲರಿಗೆ ಚುಚ್ಚಿದ ಗುಂಡುಪಿನ್ನು ತೆಗೆಯದೆಯೇ ಒಂದು ಡಬ್ಬ ಅಂಗಿ ಪಾಸಾಗಿ ಹೋಯಿತು. ತರಿಸಿಕೊಂಡವರು ಡಬ್ಬವನ್ನೇ ತಿರುಗಿ ಕಳಿಸಿದರು. ಮ್ಯಾನೇಜರು ನನ್ನನ್ನು ಕರೆದು ಆ ಪಿನ್ನನ್ನು ಮೇಜಿನ ಮೇಲಿಟ್ಟರು. "ಮೇಡಂ, ಬಚ್ಚೇ ಕೇ ಗಲೇ ಮೇ ಲಗ್ ಜಾತಾ ತೋ?" ಅಂದರು. ಮಗುವಿನ ಕತ್ತಿಗೆ ಚುಚ್ಚಿದ್ದರೆ? ಇನ್ನೊಂದು ಸಲ ಹೀಗಾದರೆ ಮನೆಯಲ್ಲೇ ಇರಿ, ಇಲ್ಲವಾದರೆ ಡಾಕ್ಟರ ಸರ್ಟಿಫಿಕೇಟು ತನ್ನಿ, ಎಂದು ಕಳಿಸಿದರು. ಆ ಮನುಷ್ಯನ ಮೇಲೆ ನನಗೆ ಸಿಟ್ಟಿಲ್ಲ. ಅವರು ಹೇಳಿದ್ದರಲ್ಲಿ ತಪ್ಪೇನಿತ್ತು?

ಭಾನುವಾರ ಊಟಕ್ಕೆ ಬಡಿಸಿದ ಮೇಲೆ ವಿಷಯ ತೆಗೆದೆ. "ನನಗೂ ಆ ನಿದ್ದೀ ಪರೀಕ್ಷಾ ಮಾಡಸ್ಬೇಕ್ರಿ. ಉಸರ ಕಟ್ಟಿದಂಗ ಆಗಿ ಎಚ್ಚರಾಗ್ತದ. ಹಗಲೆಲ್ಲಾ ತೂಕಡಿಕಿ. ನೌಕರಿ ಹೋಗೂ ಹೊತ್ತ ಬಂದದ."

ಯಜಮಾನರು ತಾಟಿನಿಂದ ತಲೆ ಎತ್ತಲಿಲ್ಲ. "ನಿನಗ್ಯಾತರ ಪರೀಕ್ಷಾ? ನನ್ನ ರಿಪೋರ್ಟ್ ಅದ ಅಲ್ಲ."

"ನಿಮ್ಮ ರಿಪೋರ್ಟ್ ನನಗ ಹ್ಯಾಂಗ ಬರ್ತದರಿ?"

"ಒಂದ ಮನಿ, ಒಂದ ಊಟ. ರೋಗ ಬ್ಯಾರೆ ಎಲ್ಲಿಂದ ಬರ್ತದ?" ಎಂದು ಎದ್ದು ಕೈ ತೊಳೆದು, ಶೋಕೇಸಿನಿಂದ ಡಬ್ಬಿ ತಂದು ನನ್ನ ಮುಂದಿಟ್ಟರು. "ಇದನ್ನ ಹಾಕ್ಕೋ. ಹೊಸಾದಂಗ ಅದ. ಒಂಬತ್ತ ದಿನ ಹಾಕೀನಿ, ಅಷ್ಟ."

ನಾನು ಅತ್ತೆಯ ಮುಖ ನೋಡಿದೆ. ಎಷ್ಟಾದರೂ ಹೆಂಗಸು, ಛೀ ಅಂದಾರು ಅಂದುಕೊಂಡೆ. ಅವರು ಮೂತಿ ತಿರುವಿ, "ಬಿಸಿನೀರಾಗ ಕುದಿಸಿ ಹಾಕ್ಕೋ. ಮಂದೀದಲ್ಲ, ಗಂಡಂದು. ನಿಮ್ಮ ಮಾವ ಇರೂತನಕ ನಾ ಅವ್ರು ಉಂಡ ತಾಟಿನ್ಯಾಗ ಉಂಡೀನಿ. ಏನಾತು ನನಗ?" ಅಂದರು.

ನಮ್ಮ ಕಡೆ ಅದೊಂದು ಪದ್ಧತಿ ಇತ್ತು. ಗಂಡ ಉಂಡು ಎದ್ದ ತಾಟಿನಲ್ಲೇ, ಅದನ್ನು ತೊಳೆಯದೆ, ಹೆಂಡತಿ ಬಡಿಸಿಕೊಂಡು ಉಣ್ಣಬೇಕು. ಮದುವೆಯಾದ ಮೊದಲ ವರ್ಷ ನಾನೂ ಉಂಡಿದ್ದೇನೆ, ಅವರು ಕಚ್ಚಿ ಬಿಟ್ಟ ಮೆಣಸಿನಕಾಯಿಯನ್ನು ಪಕ್ಕಕ್ಕೆ ಸರಿಸಿಕೊಂಡು. ವಡಾಲಕ್ಕೆ ಬಂದ ಮೇಲೆ ಹೊಸ ತಾಟು ತಂದು ಬಿಟ್ಟುಬಿಟ್ಟೆ. ಅತ್ತೆ ಅದನ್ನು ಮರೆಯಲೇ ಇಲ್ಲ. ತಾಟು ತಪ್ಪಿಸಿಕೊಂಡ ಸೊಸೆಗೆ ಇಷ್ಟು ವರ್ಷದ ಮೇಲೆ ಕ್ಲಿಪ್ಪು ಸಿಕ್ಕಿತ್ತು, ಅವರಿಗೆ ಒಳಗೊಳಗೇ ಖುಷಿಯಾಗಿರಬೇಕು.

ಇನ್ನು ನಮ್ಮ ಮನೆಯ ಔಷಧದ ವಿಚಾರ ಹೇಳಿದರೆ ನಗುತ್ತೀರಿ. ಒಬ್ಬರಿಗೆ ಬರೆದುಕೊಟ್ಟ ಗುಳಿಗೆ ಉಪ್ಪಿನಕಾಯಿಯ ಹಾಗೆ ಎಲ್ಲರ ಪಾಲಿಗೂ ಬರುತ್ತದೆ. ಭಾವನವರ ಬಿಪಿ ಗುಳಿಗೆಯನ್ನು ಯಜಮಾನರು ನುಂಗುತ್ತಾರೆ, ಯಜಮಾನರ ಹೊಟ್ಟೆನೋವಿನ ಔಷಧ ಭಾವನವರ ಮನೆಗೆ ಹೋಗುತ್ತದೆ. ತೀರಿಹೋದ ಮಾವನವರ ಕನ್ನಡಕ ಹಾಕಿಕೊಂಡೇ ಅತ್ತೆ ಅಕ್ಕಿ ಆರಿಸುತ್ತಾರೆ, ಅದರಲ್ಲಿ ಕಲ್ಲು ಕಾಣಿಸುತ್ತದೋ ಇಲ್ಲವೋ ಅವರಿಗೇ ಗೊತ್ತು. ಡಾಕ್ಟರ ಹತ್ತಿರ ಮನೆಗೊಬ್ಬರು ಹೋಗಿ ಬಂದರೆ ಸಾಕು, ಪುಣ್ಯ ಎಲ್ಲರಿಗೂ ಹಂಚಿಕೆ.

ಆದರೆ ಅವರನ್ನೇ ಯಾಕೆ ಬಯ್ಯಲಿ? ಅದನ್ನು ಬಾಯಿಗೆ ಹಾಕಿಕೊಂಡವಳು ನಾನು. ಬಿ.ಎ. ಪಾಸಾದವಳು, ಹನ್ನೆರಡು ಜನರ ಮೇಲೆ ಅಧಿಕಾರ ಮಾಡುವವಳು, ಪಾತ್ರೆಗೆ ನೀರಿಟ್ಟು ಮಾವಿನಕಾಯಿ ಬೇಯಿಸುವ ಹಾಗೆ ಗಂಡನ ಕ್ಲಿಪ್ಪು ಬೇಯಿಸಿದೆ. ನನ್ನ ಬುದ್ಧಿಗಿಷ್ಟು! ನೌಕರಿ ಹೋಗುತ್ತದೆಂಬ ಹೆದರಿಕೆ ಒಂದು ಕಡೆ, ಜಗಳವಾಡಲು ಮೈಯಲ್ಲಿ ತ್ರಾಣವಿಲ್ಲದ್ದು ಇನ್ನೊಂದು ಕಡೆ. ಕುದಿಯುವ ನೀರಿಗೆ ಅದು ಒಂದು ಬದಿ ತುಸು ಸೊಟ್ಟಗಾಯಿತು. ನನ್ನ ಬಾಯಿಗೆ ಮೊದಲೇ ದೊಡ್ಡದು. ಹೆಬ್ಬೆರಳಿನಿಂದ ಒತ್ತಿ ಒತ್ತಿ ಕೂರಿಸಿದೆ.

ಆಶ್ಚರ್ಯವೆಂದರೆ ಗೊರಕೆ ಕಡಿಮೆಯಾಯಿತು. ಮೂರನೆಯ ದಿನಕ್ಕೆ ಯಜಮಾನರು, "ನೋಡಿದೇನ, ಸುಮ್ಮನ ಪರೀಕ್ಷಾ ಪರೀಕ್ಷಾ ಅಂತಿದ್ದಿ. ಆರಾಮಾತು" ಎಂದು ಎದೆಯುಬ್ಬಿಸಿದರು. ಅಂಗಡಿಯಲ್ಲಿ ಕೂತು ಯಾರ್‍ಯಾರಿಗೆ ಈ ಉಪಾಯ ಹೇಳಿಕೊಟ್ಟರೋ ದೇವರೇ ಬಲ್ಲ. ಅವರಿಗೆ ಆರಾಮಾಗಿತ್ತು, ಸಪ್ಪಳ ನಿಂತಿತ್ತಲ್ಲ. ನನಗೆ ಮಾತ್ರ ಮೊದಲಿನ ಹಾಗೇ ಉಸಿರು ಸಿಕ್ಕಿಹಾಕಿಕೊಂಡು ಎಚ್ಚರವಾಗುತ್ತಿತ್ತು, ಮೊದಲಿನ ಹಾಗೇ ಮೇಜಿನ ಮುಂದೆ ಕಣ್ಣು ಎಳೆಯುತ್ತಿತ್ತು. ಅದರ ಮೇಲೆ ಕಿವಿಯ ಮುಂದಿನ ಕೀಲು ನೋವು, ಆಕಳಿಸಿದರೆ ಕಟ್ ಎನ್ನುವ ಸದ್ದು. ರೊಟ್ಟಿಯನ್ನು ಬೇಳೆಯಲ್ಲಿ ನೆನೆಸಿ ನುಂಗುತ್ತಿದ್ದೆ. ಕಾರ್ಖಾನೆಯಲ್ಲಿ ನಿದ್ದೆ ಬಾರದಿರಲಿ ಎಂದು ಕೂರುವುದನ್ನೇ ಬಿಟ್ಟು ನಿಂತು ಕೆಲಸ ಮಾಡಿದೆ. ನಿಂತಲ್ಲೇ ಮೊಣಕಾಲು ಕುಸಿದು ಒಂದು ಸಲ ಮೇಜಿನ ಅಂಚು ಹಣೆಗೆ ಬಡಿಯಿತು. ಮೂರನೆಯ ವಾರ ಹಲ್ಲುಜ್ಜುವಾಗ ಕೆಳಗಿನ ಮುಂದಿನ ಹಲ್ಲೊಂದು ಬ್ರಶ್ಶಿನ ಜೊತೆ ಅಲ್ಲಾಡಿತು.

ಆವತ್ತು ಅರ್ಧ ದಿನ ರಜೆ ಹಾಕಿ, ಯಾರಿಗೂ ಹೇಳದೆ, ಅದೇ ದಂತವೈದ್ಯರ ಹತ್ತಿರ ಹೋದೆ. ಚಿಕ್ಕ ವಯಸ್ಸಿನ ಹುಡುಗಿ, ದಕ್ಷಿಣ ಕನ್ನಡದ ಮನೆಯವಳು, ವಡಾಲದಲ್ಲೇ ಹುಟ್ಟಿ ಬೆಳೆದವಳು. ಕನ್ನಡ ಬರುತ್ತದೆ, ತಡವರಿಸಿಕೊಂಡು ಬರುತ್ತದೆ. ಡಬ್ಬಿ ತೆರೆದು ಕ್ಲಿಪ್ಪನ್ನು ಬೆಳಕಿಗೆ ಹಿಡಿದಳು.

"ಆಂಟಿ, ಇದು ನಿಮ್ಮದು ಅಲ್ಲ ನಾ?"

"ನಂದೇ ಅದವಾ," ಅಂದೆ. ಆ ವಯಸ್ಸಿನಲ್ಲಿ, ಆ ಮುಖ ಹೊತ್ತುಕೊಂಡು, ಸುಳ್ಳು.

ಅವಳು ಕಂಪ್ಯೂಟರು ತಿರುಗಿಸಿ ತೋರಿಸಿದಳು. ಪರದೆಯ ಮೇಲೆ ಯಜಮಾನರ ಹಲ್ಲುಗಳ ಚಿತ್ರ. "ಇದು ಅಂಕಲ್‌ದು. ನಾನೇ ಮಾಡಿದ್ದು. ಬಾಯ್ಲ್ ಕೂಡ ಮಾಡಿದ್ರಾ? ಕಾಯ್ಕೂ, ಯಾಕೆ ಆಂಟಿ?" ಆಮೇಲೆ ನನ್ನ ಬಾಯಿ ತೆರೆಸಿ ಒಸಡು ನೋಡಿದಳು, ಅಲ್ಲಾಡುವ ಹಲ್ಲನ್ನು ಮುಟ್ಟಿದಳು, ದವಡೆಯ ಕೀಲಿನ ಮೇಲೆ ಬೆರಳಿಟ್ಟು ತೆರೆಯಿರಿ ಮುಚ್ಚಿರಿ ಅಂದಳು. "ಯಾರ ಹಲ್ಲಿಗೆ ಅವರದ್ದೇ ಬೇಕು. ಒಸಡು ಸ್ಟ್ರಾಂಗ್ ಇರಬೇಕು. ಸ್ನೋರಿಂಗ್ ಬಂದ್ ಆಯ್ತು ಅಂದ್ರೆ ಉಸಿರು ಸರಿ ಆಯ್ತು ಅಂತ ಅಲ್ಲ ಆಂಟಿ, ಅದು ಚೆಕ್ ಮಾಡ್ಬೇಕು. ತುಂಬಾ ಸೀರಿಯಸ್ ಇದ್ರೆ ಮಷೀನೇ ಫಸ್ಟ್. ಅಷ್ಟು ಇಲ್ಲ ಅಂದ್ರೆ, ಇಲ್ಲಾ ಮಷೀನ್ ಆಗೋದೇ ಇಲ್ಲ ಅಂದ್ರೆ, ಇದು. ನಿಮ್ಮ ರಿಪೋರ್ಟ್ ಕೊಡಿ, ನೋಡ್ತೀನಿ."

ನಾನು ಚೀಲದಿಂದ ರಿಪೋರ್ಟು ತೆಗೆದು ಕೊಟ್ಟೆ. ಯಜಮಾನರದು. ಅದನ್ನು ಯಾಕೆ ಒಯ್ದಿದ್ದೆ ಎಂದು ಇವತ್ತಿಗೂ ನನಗೆ ಗೊತ್ತಿಲ್ಲ. ಹುಡುಗಿ ಮೊದಲ ಸಾಲು ಓದಿ ನಕ್ಕಳು, ನನ್ನ ಮುಖ ನೋಡಿ ನಗು ನಿಲ್ಲಿಸಿದಳು.

"ರಿಪೋರ್ಟ್ ಅಂಕಲ್‌ದು, ಕ್ಲಿಪ್ ಅಂಕಲ್‌ದು. ನಿಮ್ಮದು ಏನಿದೆ ಆಂಟಿ?"

ಆ ಹುಡುಗಿ ಸುಮ್ಮನೆ ಕೇಳಿದ್ದು. ನನಗೆ ಮಾತ್ರ ಆ ಕುರ್ಚಿಯಲ್ಲಿ, ಬಾಯಿಗೆ ಹತ್ತಿ ತುಂಬಿಸಿಕೊಂಡೇ, ಅಳು ಬಂತು.

ಮನೆಗೆ ಬಂದು ಕೇಳಲಿಲ್ಲ, ಹೇಳಿದೆ. ನಾಳೆ ಪರೀಕ್ಷೆಗೆ ಹೋಗುತ್ತೇನೆ, ನನ್ನ ಸಂಬಳದಲ್ಲಿ ಮಾಡಿಸಿಕೊಳ್ಳುತ್ತೇನೆ. ಯಜಮಾನರು ಗೊಣಗಿದರು. ಅತ್ತೆ, "ಹೆಣ್ಣಮಕ್ಕಳು ವೈರ್ ಹಚಗೊಂಡ ಮಲಗೂದಂದ್ರ ಏನವಾ" ಎಂದು ಮೂಗು ಮುರಿದರು. ಅಷ್ಟೊಂದು ವೈರೇನೂ ಇರಲಿಲ್ಲ. ಡಾಕ್ಟರು ಮನೆಗೇ ಒಂದು ಪುಟ್ಟ ಯಂತ್ರ ಕೊಟ್ಟರು. ಎದೆಗೊಂದು ಪಟ್ಟಿ, ಮೂಗಿಗೊಂದು ನಳಿಕೆ, ಬೆರಳಿಗೊಂದು ಚಿಮಟ. ನನ್ನ ಫೋಟೋ ಯಾರೂ ತೆಗೆಯಲಿಲ್ಲ.

ರಿಪೋರ್ಟು ಬಂದ ಸಂಜೆ ಯಜಮಾನರು ಕನ್ನಡಕ ಏರಿಸಿಕೊಂಡು ತಮ್ಮದನ್ನೂ ತಂದು ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದರು. ಗಂಟೆಗೆ ಎಷ್ಟು ಸಲ ಉಸಿರು ನಿಲ್ಲುತ್ತದೆ ಎಂಬ ಅಂಕಿ ಅದರಲ್ಲಿತ್ತು. ಏನಾದರೂ ಅಂದಾರು ಎಂದು ನಾನು ಕಾದೆ. ಹೆದರಿಕೆಯಾಯಿತೇ, ಇಷ್ಟು ದಿನ ಹೇಗೆ ತಡೆದುಕೊಂಡೆ, ಅಂಥದ್ದೇನಾದರೂ.

"ನಂದಕ್ಕಿಂತ ಜಾಸ್ತಿ ಹ್ಯಾಂಗ ಬಂತು?" ಅಂದರು. "ಮನಿಗೆ ಕೊಟ್ಟ ಮಷೀನ್ ಬರೋಬರ್ ಇರೂದಿಲ್ಲ."

ಅಯ್ಯೋ ಶಿವನೇ! ಅವರ ಮೊದಲ ನಂಬರು ಹೋಗಿಬಿಟ್ಟಿತ್ತು. ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಎರಡು ದಿನ ಮುಖ ಊದಿಸಿಕೊಂಡು, ಮೂರನೆಯ ದಿನ, ತಮ್ಮ ಕ್ಲಿಪ್ಪನ್ನು ನಾನು ಸೊಟ್ಟ ಮಾಡಿ ಹಾಳುಮಾಡಿದೆ ಎಂಬ ಹೊಸ ದೂರು ಹುಡುಕಿಕೊಂಡರು. ಆ ಮನುಷ್ಯನನ್ನು ನಾನು ಆವತ್ತಿನಿಂದ ಲೆಕ್ಕಕ್ಕೆ ಇಟ್ಟುಕೊಂಡಿಲ್ಲ, ಬಡಿಸುತ್ತೇನೆ ಅಷ್ಟೆ.

ನನ್ನ ರೋಗ ಮಷೀನೇ ಬೇಕೆನ್ನುವಷ್ಟು ಮುಂದುವರಿದಿರಲಿಲ್ಲ. ಮಷೀನು, ಕ್ಲಿಪ್ಪು ಎರಡೂ ಆಗುತ್ತದೆ, ಯಾವುದು ಬೇಕೋ ನೀವೇ ಹೇಳಿ ಎಂದು ಡಾಕ್ಟರು ಅಂದರು. ನೀವೇ ಹೇಳಿ! ಆ ಮಾತನ್ನೇ ಎರಡು ಸಲ ಕೇಳಿಸಿಕೊಂಡೆ. ಕ್ಲಿಪ್ಪು ಅಂದೆ. ಹುಡುಗಿ ಮೊದಲು ಒಸಡಿಗೆ ಚಿಕಿತ್ಸೆ ಮಾಡಿ, ಅಲ್ಲಾಡುವ ಹಲ್ಲನ್ನು ಪಕ್ಕದ ಹಲ್ಲುಗಳಿಗೆ ಜೋಡಿಸಿ ಗಟ್ಟಿಮಾಡಿದಳು. ಅದು ನಿಂತಿತೆಂದು ಖಾತ್ರಿಯಾದ ಮೇಲೆ ಅಳತೆ ತೆಗೆದಳು. ಹೊಸದನ್ನು ಹಾಕಿಕೊಂಡ ಮೊದಲ ದಿನಗಳು ಸುಖದ್ದೇನಲ್ಲ, ದಿಂಬೆಲ್ಲ ಜೊಲ್ಲು. ಬೆಳಿಗ್ಗೆ ತೆಗೆದಾಗ ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ಕೂಡುವುದಿಲ್ಲ, ಅರ್ಧ ಗಂಟೆ ದವಡೆಯ ವ್ಯಾಯಾಮ ಮಾಡಿದ ಮೇಲೆಯೇ ಕೂಡುವುದು. ವಾರಕ್ಕಿಷ್ಟು ಎಂದು ಸ್ಕ್ರೂ ತಿರುಗಿಸುತ್ತಾ, ನೋವಾದರೆ ನಿಲ್ಲಿಸುತ್ತಾ, ಮೂರು ತಿಂಗಳು ಅವಳ ಹತ್ತಿರ ಓಡಾಡಿದೆ. ಕೊನೆಗೆ ಕ್ಲಿಪ್ಪು ಹಾಕಿಕೊಂಡೇ ಇನ್ನೊಮ್ಮೆ ಪರೀಕ್ಷೆಯಾಯಿತು. ಉಸಿರು ಸರಿಯಾಗಿತ್ತು. ಸರ್ಟಿಫಿಕೇಟನ್ನು ಮ್ಯಾನೇಜರ ಮೇಜಿನ ಮೇಲಿಟ್ಟೆ, ಅವರು ಓದಿ "ಠೀಕ್ ಹೈ" ಅಂದರು. ಸಂಜೆ ವಡಾಲದಲ್ಲೇ ಇಳಿಯತೊಡಗಿದೆ.

ಆಮೇಲೆ ಒಂದು ಭಾನುವಾರ ಮಧ್ಯಾಹ್ನ ಯಜಮಾನರು ಯಾರದೋ ಗೃಹಪ್ರವೇಶಕ್ಕೆ ಹೋಗಿದ್ದರು. ನಾನು ಬೇಸಿನ್ನಿನ ಮುಂದೆ ನಿಂತು ತಣ್ಣೀರಿನಲ್ಲಿ ಕ್ಲಿಪ್ಪು ತಿಕ್ಕುತ್ತಿದ್ದೆ. ಅತ್ತೆ ಬಂದು ಹಿಂದೆ ನಿಂತದ್ದು ಗೊತ್ತಾಗಲಿಲ್ಲ.

"ಇಲ್ಲಿ ಕೊಡ, ನೋಡ್ತೀನಿ."

ಮತ್ತೇನು ಕುಹಕವೋ ಎಂದು ಕೊಟ್ಟೆ. ಅಂಗೈ ಮೇಲಿಟ್ಟುಕೊಂಡು ಅಚ್ಚಿನ ಗುಣಿಗಳ ಒಳಗೆಲ್ಲ ಬೆರಳಾಡಿಸಿದರು. ಆಮೇಲೆ ಗೋಡೆಯ ಕಡೆ ತಿರುಗಿ, ತಮ್ಮ ಹಲ್ಲಿನ ಸೆಟ್ಟನ್ನು ಬಾಯಿಂದ ತೆಗೆದು ಸೆರಗಿನಲ್ಲಿ ಹಿಡಿದುಕೊಂಡರು. ಮೇಲೆ ಕೆಳಗೆ ಒಂದು ಹಲ್ಲೂ ಇಲ್ಲ ಅವರಿಗೆ.

"ಇದನ್ನ ಹಿಡಕೊಳ್ಳಾಕ ಹಲ್ಲ ಬೇಕೇನವಾ?"

"ಹೂನ್ರಿ ಅತ್ತಿ. ಹಲ್ಲಿಗೇ ಕೂಡೂದು ಅದ."

"ಹಂಗಾರ ನನಗ ಬರೂದಿಲ್ಲ," ಎಂದು ಕ್ಲಿಪ್ಪನ್ನು ನನ್ನ ಕೈಗೆ ಕೊಟ್ಟರು.

ಸುಳ್ಳು ಯಾಕೆ ಹೇಳಲಿ, ಆ ಕ್ಷಣ ನನಗೆ ಆದದ್ದು ಸಮಾಧಾನ. ಬೇಕಿತ್ತು ನಿಮಗೆ, ಅಂದುಕೊಂಡೆ. ನೀರಿನ ಪಂಪು ಅಂದವರಲ್ಲವೇ. ಅವರು ಕಮೋಡಿನ ಮುಚ್ಚಳದ ಮೇಲೆ ಕೂತು, ಹಲ್ಲಿಲ್ಲದ ಬಾಯಿಯಿಂದಲೇ ಮಾತಾಡಿದರು.

"ಮದಿವ್ಯಾದ ಎರಡನೇ ತಿಂಗಳಕ್ಕ ನನ್ನ ತವರಿಗೆ ಬಿಟ್ಟ ಬಂದಿದ್ರು. ಹೆಣ್ಣ ಗೊರಕಿ ಹೊಡೀತದ, ಏನೋ ದೆವ್ವ ಮೆಟಗೊಂಡದ ಅಂತ. ಒಂದೂವರಿ ವರ್ಷ ಕರಿಲಿಲ್ಲ. ನಮ್ಮವ್ವ ಗ್ವಾಡಿಗೆ ಆನಿಸಿ ಕುಂದ್ರಿಸಿ, ಕುಂತ ನಿದ್ದೀ ಮಾಡೂದ ಕಲಿಸಿದ್ಲು. ಸಪ್ಪಳ ಬರಲಿಲ್ಲಂದ್ರ ಕರಕೊಂಡ ಹೋಗ್ತಾರ ಅಂತ. ಈಗೂ ಹಂಗ ಮಲಗ್ತೀನಿ. ಅಡ್ಡಾದ್ರ ಕುತಗಿ ಹಿಚಿಕಿದಂಗ ಆಗ್ತದ."

ಅವರು ಗೋಡೆಗೆ ಒರಗಿ ಕೂತೇ ಮಲಗುವುದನ್ನು ನಾನು ಇಪ್ಪತ್ತೈದು ವರ್ಷದಿಂದ ನೋಡುತ್ತಿದ್ದೆ. ಸೊಸೆಯ ಮೇಲೆ ಕಾವಲು ಕೂರುವ ಮುದುಕಿಯ ಹಟ ಅಂತ ತಿಳಿದಿದ್ದೆ. ಒಂದು ಸಲವೂ ಯಾಕೆ ಅಂತ ಕೇಳಲಿಲ್ಲ. ಅವರು ನನ್ನನ್ನು ಕೇಳಲಿಲ್ಲ, ನಾನು ಅವರನ್ನು ಕೇಳಲಿಲ್ಲ, ಎರಡೂ ಒಂದೇ. ನಾಚಿಕೆಯಿಂದ ನನ್ನ ಮುಖ ಬಿಸಿಯಾಯಿತು.

"ಮಷೀನಿಗೆ ಹಲ್ಲ ಬೇಕಾಗೂದಿಲ್ಲ ಅತ್ತಿ," ಅಂದೆ. "ಮೂಗಿಗೆ ಹಾಕ್ಕೊಳ್ಳೂದು. ನಾಳೆ ರಜಾ ಹಾಕ್ತೀನಿ. ನಿಮ್ಮ ಹೆಸರ್ಲೇ ಪರೀಕ್ಷಾ ಮಾಡ್ಸೂಣು."

ಅವರು ಸೆಟ್ಟನ್ನು ತೊಳೆದು ಬಾಯಿಗೆ ಹಾಕಿಕೊಂಡರು. ಹೊರಗಿನ ಬಾಗಿಲು ಹಾಕಿದೆಯೋ ಇಲ್ಲವೋ ಎಂದು ಬಗ್ಗಿ ನೋಡಿದರು. ಆಮೇಲೆ ನನ್ನ ಮುಂಗೈ ಹಿಡಿದು, "ನನ್ನ ಮಗಗ ಹೇಳಬ್ಯಾಡವಾ," ಅಂದರು. "ಗೊತ್ತಾದ್ರ ನನ್ನ ಎಲ್ಲಿ ಬಿಟ್ಟ ಬರ್ತಾನೋ."